ಶನಿವಾರದ ಸಂತೆಯಲ್ಲಿ ಸಿಕ್ಕಿದ್ದು

"ಅಮ್ಮಾ, ಅಲ್ಲಿ ಬದನೆಕಾಯಿ ಕರಿದು ಅದರ ಮೇಲೆ ಬೆಲ್ಲದ ಪಾಕ ಸುರಿದು ಕೊಡ್ತಾರಂತೆ!"

ಆರನೇ ತರಗತಿಯ ನನ್ನ ಮಗಳು ಮೊಬೈಲ್ ಹಿಡಿದುಕೊಂಡು ಅಡುಗೆಮನೆಗೆ ಓಡಿಬಂದಳು. ಸ್ಪೇನಿನ ಕೊರ್ಡೋಬಾದಲ್ಲಿ ಓದುತ್ತಿರುವ ನನ್ನ ಅಣ್ಣನ ಮಗ ವಿಡಿಯೋ ಕಳಿಸಿದ್ದ. ಎಂಟನೇ ಶತಮಾನದಲ್ಲಿ ಕಟ್ಟಲು ತೊಡಗಿ, ಮುಂದೆ ಚರ್ಚ್ ಆದ ಭಾರೀ ಮಸೀದಿಯಿಂದ ಹೆಸರಾದ ಹಳೆಯ ನಗರ ಅದು. ಅಲ್ಲಿ ಉದ್ಯಾನವೊಂದರ ಹಳೇ ಕಬ್ಬಿಣದ ಮಂಟಪದಲ್ಲಿ 2013ರಿಂದ 'ಮೆರ್ಕಾದೋ ವಿಕ್ಟೋರಿಯಾ' ಎಂಬ ತಿಂಡಿತಿನಿಸಿನ ಮಾರುಕಟ್ಟೆ ನಡೆಯುತ್ತಿದೆ. ಝಗಮಗಿಸುವ ದೀಪ, ಸಾಲು ಸಾಲು ಮಳಿಗೆ. ಟೊಮೆಟೊ, ಬ್ರೆಡ್ಡು, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ಅರೆದ ತಣ್ಣನೆಯ 'ಸಾಲ್ಮೊರೆಹೊ' ಒಂದು ಕಡೆ, ಪಾಕ ಸುರಿದ ಬದನೆ ಇನ್ನೊಂದು ಕಡೆ.

"ನಮ್ಮೂರಲ್ಲಿ ಇಂಥದ್ದು ಯಾಕಿಲ್ಲ?" ಎಂದಳು.

"ನಾಳೆ ಶನಿವಾರ. ಕುಂದಾಪುರ ಸಂತೆಗೆ ಹೋಗೋಣ" ಎಂದೆ. ಹೇಳಿದ ಮೇಲೆ ನನಗೇ ಆಶ್ಚರ್ಯವಾಯಿತು. ನಾನು ಸಂತೆಯ ಒಳಗೆ ಕಾಲಿಟ್ಟು ಇಪ್ಪತ್ತು ವರ್ಷದ ಮೇಲಾಗಿತ್ತು. ಕಾರಣವನ್ನು ಯಾರಿಗೂ ಹೇಳಿರಲಿಲ್ಲ.

ಜಗಲಿಯಲ್ಲಿ ಕುಳಿತಿದ್ದ ನನ್ನ ಅಮ್ಮನಿಗೆ ಈಗ ಎಪ್ಪತ್ತೆಂಟು. ಮಂಡಿನೋವಿನಿಂದ ಹೊರಗೆ ಹೋಗುವುದಿಲ್ಲ. ಸಂತೆ ಎಂಬ ಮಾತು ಕಿವಿಗೆ ಬಿದ್ದದ್ದೇ ಮೊಮ್ಮಗಳನ್ನು ಕರೆದು ಪಾಠ ಮಾಡಿದರು: "ಬಸ್ಳಿ ತಕಂಬುಕ್ ಮುಂಚೆ ದಂಟ್ ಮುರ್ದ್ ಕಾಣ್. ಟಕ್ ಅಂದ್ರೆ ಮಾತ್ರ ತಕೋ."

ಅಮ್ಮನಿಗೆ ಗೊತ್ತಿರದೆ ಇನ್ನಾರಿಗೆ ಗೊತ್ತು? ಬೈಂದೂರು ಕಡೆಯ ನಮ್ಮ ಹಳ್ಳಿಯಿಂದ ಪ್ರತಿ ಶನಿವಾರ ಮೊದಲ ಬಸ್ಸಿಗೆ ಬಸಳೆ, ಹರಿವೆ, ಸೌತೆಕಾಯಿ ಹೇರಿಕೊಂಡು ಕುಂದಾಪುರಕ್ಕೆ ಬಂದು ಮಾರಿ, ನಮ್ಮಿಬ್ಬರನ್ನು ಓದಿಸಿದವರು ಅವರು.

ಬದನೆಕಾಯಿಯ ಪ್ರವಾಸ

ಎಪಿಎಂಸಿ ಪ್ರಾಂಗಣದ ಒಳಗೆ ಹೋಗುತ್ತಲೇ ಮಗಳು ನನ್ನ ಕೈ ಗಟ್ಟಿಯಾಗಿ ಹಿಡಿದಳು. ಒಂದು ಕಡೆ ಘಟ್ಟದ ಮೇಲಿಂದ ಬಂದ ಈರುಳ್ಳಿ, ಬಟಾಟೆಯ ರಾಶಿ. ಇನ್ನೊಂದು ಕಡೆ ಊರಿನ ತರಕಾರಿ. ಎಳೆ ಹಲಸು, ಸುವರ್ಣಗಡ್ಡೆ, ಮಾವಿನ ಮಿಡಿ, ಕಲ್ಲಂಗಡಿ, ಕುಚ್ಚಿಗೆ ಅಕ್ಕಿ, ವೀಳ್ಯದೆಲೆ, ಕತ್ತಿ, ಹೆಡಿಗೆ. ಒಣ ಬಂಗಡೆ, ಒಣ ಚಟ್ಲಿಯ ವಾಸನೆಗೆ ಅವಳು ಮೂಗು ಮುಚ್ಚಿಕೊಂಡಳು. ಎರಡು ನಿಮಿಷದ ನಂತರ ಬಿಟ್ಟಳು.

ತಿಳಿ ಹಸಿರು ಮೈಮೇಲೆ ಬಿಳಿ ಗೆರೆ ಇರುವ ಗುಂಡು ಬದನೆಯ ಮುಂದೆ ನಿಂತೆವು. ಮಟ್ಟುಗುಳ್ಳ. ಉಡುಪಿಯ ದಕ್ಷಿಣಕ್ಕಿರುವ ಮಟ್ಟು ಊರಿನ ಜನರಿಗೆ ವಾದಿರಾಜ ಸ್ವಾಮಿಗಳು ಇದರ ಬೀಜ ಕೊಟ್ಟರು ಎಂಬುದು ನಂಬಿಕೆ. 2011ರಲ್ಲಿ ಇದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ.

"ಕೊರ್ಡೋಬಾದ ಬದನೆಗೂ ನಮ್ಮ ಬದನೆಗೂ ನೆಂಟಸ್ತಿಕೆ ಉಂಟು" ಎಂದೆ. ಸಂಸ್ಕೃತದಲ್ಲಿ ಬದನೆಗೆ 'ವಾತಿಂಗಣ' ಎಂಬ ಹೆಸರಿತ್ತು. ಪರ್ಷಿಯಾ ದಾಟುವಾಗ ಅದು 'ಬಾದಿಂಗಾನ್' ಆಯಿತು, ಅರಬರ ಬಾಯಲ್ಲಿ 'ಬಾದಿಂಜಾನ್' ಆಯಿತು. ಅರಬರೇ ಅದನ್ನು ಸ್ಪೇನಿಗೆ ಒಯ್ದರು. ಅಲ್ಲಿ ಅವರ ರಾಜಧಾನಿ ಇದೇ ಕೊರ್ಡೋಬಾ. ಸ್ಪೇನಿನವರು 'ಬೆರೆನ್‌ಹೇನಾ' ಎಂದರು, ಪಕ್ಕದ ಪೋರ್ಚುಗೀಸರು 'ಬೆರಿಂಜೆಲಾ' ಎಂದರು. ಅದೇ ಪೋರ್ಚುಗೀಸರು ಹಡಗು ಹತ್ತಿ ನಮ್ಮ ಕರಾವಳಿಗೆ ಬಂದರು. ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುವ 'ಬ್ರಿಂಜಾಲ್' ಹುಟ್ಟಿದ್ದು ಹೀಗೆ. ಲೋಕ ಸುತ್ತಿ ಮನೆಗೆ ಮರಳಿದ ಹೆಸರು!

ಸಂತೆಯಿಂದ ಹತ್ತು ಕಿಲೋಮೀಟರಿನ ಒಳಗೇ ವಾರಾಹಿ ಹೊಳೆಯ ದಡದಲ್ಲಿ ಬಸ್ರೂರು ಇದೆ. ಈಗ ಸದ್ದಿಲ್ಲದ ಊರು. ಒಂದು ಕಾಲದಲ್ಲಿ ಹೆಸರಾಂತ ಬಂದರು. ಪೋರ್ಚುಗೀಸರು 'ಬಾರ್ಸೆಲೋರ್' ಎನ್ನುತ್ತಿದ್ದುದು ಇದನ್ನೇ. ನಮ್ಮ ಗದ್ದೆಗಳ ಅಕ್ಕಿ ಇಲ್ಲಿಂದ ಗೋವಾಕ್ಕೆ, ಸಮುದ್ರದಾಚೆಯ ಮಸ್ಕತ್ತಿಗೆ ಹೋಗುತ್ತಿತ್ತು. ಅಲ್ಲಿನ ಸಿರಿವಂತಿಕೆ ಕೇಳಿ 1665ರಲ್ಲಿ ಶಿವಾಜಿ ಹಡಗುಗಳಲ್ಲಿ ಬಂದು ದಾಳಿ ಮಾಡಿದ್ದ. ಇನ್ನು ನಮ್ಮ ಕೋಳಿ ಸಾರಿನ ಕೆಂಪು ಮೆಣಸು? ಅದು ಅಮೆರಿಕದ ಗಿಡ. ಕೊಲಂಬಸ್ 1493ರಲ್ಲಿ ಸ್ಪೇನಿಗೆ ತಂದದ್ದು, ಮುಂದೆ ಪೋರ್ಚುಗೀಸರ ಮೂಲಕ ನಮ್ಮಲ್ಲಿಗೂ ಬಂತು.

"ಹಾಗಾದ್ರೆ ಮೊದಲು ಸಾರಿಗೆ ಖಾರ ಇರಲಿಲ್ವಾ?"

"ಕಾಳುಮೆಣಸು ಇತ್ತಲ್ಲ" ಎಂದು ನಕ್ಕವಳು ಬಸಳೆ ಮಾರುತ್ತಿದ್ದ ಅಜ್ಜಿ. ನಾವು ಆಡಿದ್ದನ್ನೆಲ್ಲ ಕೇಳಿಸಿಕೊಂಡಿದ್ದಳು.

ನೀಲಿ ರಿಬ್ಬನ್ನಿನ ಹುಡುಗಿ

ಮಗಳು ಅಮ್ಮಮ್ಮ ಹೇಳಿಕೊಟ್ಟಂತೆ ದಂಟು ಮುರಿದಳು. ಟಕ್ ಎಂದಿತು. ಅಜ್ಜಿ ಅವಳನ್ನು ನೋಡಿ, ಆಮೇಲೆ ನನ್ನ ಮುಖವನ್ನೇ ನೋಡಿ, ನಮ್ಮ ಹಳ್ಳಿಯ ಹೆಸರು ಹೇಳಿದಳು. "ನೀ ಆ ಬಸ್ಳಿ ಅಕ್ಕನ ಮಗ್ಳಲ್ದಾ?"

ಹೌದೆಂದೆ.

"ಶನಿವಾರ ಮಧ್ಯಾಹ್ನ ಶಾಲಿ ಬಿಟ್ಟ್ ನೀ ಈ ಬದಿಯಗೇ ಹೋತಿದ್ದೆ. ನೀಲಿ ರಿಬ್ಬನ್. ನಿನ್ನ್ ಅಬ್ಬಿ ದೂರದಿಂದ್ಲೇ ಕಾಂತಿದ್ಳ್. 'ಹೆಣ್ಣನ್ನ ಕರಿಬೇಡಿ, ಅದ್ಕೆ ನಾಚ್ಕಿ ಆತ್ತ್' ಅಂದ್ಹೇಳಿ ನಮ್ಮನ್ನೂ ಸುಮ್ನೆ ಕೂರ್ಸತಿದ್ಳ್."

ನನಗೆ ಮಾತು ಹೊರಡಲಿಲ್ಲ. ಹೈಸ್ಕೂಲಿನ ಮೂರು ವರ್ಷ ನಾನು ಗೆಳತಿಯರ ಮರೆಯಲ್ಲಿ, ತಲೆ ತಗ್ಗಿಸಿ ಸಂತೆ ದಾಟುತ್ತಿದ್ದೆ. ಅಮ್ಮ ನೆಲದಲ್ಲಿ ಗೋಣಿ ಹಾಸಿ ಕೂತಿರುವುದು ಯಾರಿಗೂ ತಿಳಿಯಬಾರದೆಂದು. ಅಮ್ಮ ನನ್ನನ್ನು ನೋಡಿಲ್ಲ ಎಂದೇ ಇಷ್ಟು ವರ್ಷ ಅಂದುಕೊಂಡಿದ್ದೆ. ರಾತ್ರಿ ಮನೆಗೆ ಬಂದವರು ಗೋಳಿಬಜೆಯ ಪೊಟ್ಟಣ ಕೈಗಿಟ್ಟು, ಪಾಠ ಎಲ್ಲಿಗೆ ಬಂತು ಎಂದಷ್ಟೇ ಕೇಳುತ್ತಿದ್ದರು.

"ನಿಮ್ಮ ಮಕ್ಕಳು ಸಂತೆಗೆ ಬರ್ತಾರಾ ಅಜ್ಜಿ?" ಮಗಳು ಕೇಳಿದಳು.

"ಬೆಂಗ್ಳೂರಗ್ ಇದ್ದೊ. ಒಳ್ಳೇದೇ. ನನ್ನ್ ಕಾಲದ್ದ್ ಮುಗೀತ್. ಈ ಬೀಜ ಎಂತ ಮಾಡುದ್ ಅಂದೇಳಿಯೇ ಗೊತ್ತಿಲ್ಲೆ."

ಚೀಲದಿಂದ ಸಣ್ಣ ಕಾಗದದ ಪೊಟ್ಟಣ ತೆಗೆದಳು. ಬೂದಿ ಹಚ್ಚಿ ಒಣಗಿಸಿದ ಬಣ್ಣದ ಸೌತೆಯ ಬೀಜ. ಯಾವ ಸೌತೆ ಮಳೆಗಾಲವಿಡೀ ಅಡುಗೆಮನೆಯಲ್ಲಿ ಕಟ್ಟಿಟ್ಟರೂ ಕೆಡುವುದಿಲ್ಲ, ಯಾವುದನ್ನು ಬೀಜಕ್ಕೆ ಬಿಡಬೇಕು ಎಂದು ಹತ್ತು ನಿಮಿಷ ವಿವರಿಸಿದಳು. ಮಗಳು ನನ್ನ ಮೊಬೈಲಿನಲ್ಲಿ ಎಲ್ಲವನ್ನೂ ಬರೆದುಕೊಂಡಳು. ಕೊರ್ಡೋಬಾದ ಮಳಿಗೆಯಲ್ಲಿ ರುಚಿ ಸಿಕ್ಕೀತು. ಹೀಗೆ ಬೆಳೆದವರೇ ಎದುರು ಕೂತು ಬೀಜವನ್ನೂ ಬುದ್ಧಿಯನ್ನೂ ಕೊಡುವುದು ಸಂತೆಯಲ್ಲಿ. ಆದರೆ ಅದು ಅವರು ಬರುವಷ್ಟು ದಿನ, ನಾವು ಹೋಗುವಷ್ಟು ದಿನ ಮಾತ್ರ. ವಾರವಾರ ಸೂಪರ್ ಮಾರ್ಕೆಟ್ಟಿನಲ್ಲಿ ಗಾಡಿ ತಳ್ಳುವ ನಾನೂ ಇದಕ್ಕೆ ಉತ್ತರ ಹೇಳಬೇಕು.

ಮನೆಗೆ ಬಂದು ಗುಳ್ಳವನ್ನು ತೆಳ್ಳಗೆ ಬಿಲ್ಲೆ ಮಾಡಿ ಉಪ್ಪುನೀರಿನಲ್ಲಿ ಅರ್ಧ ಗಂಟೆ ನೆನೆಸಿದೆವು. ನೀರು ಒರೆಸಿ, ಅಕ್ಕಿಹಿಟ್ಟಿನಲ್ಲಿ ಹೊರಳಿಸಿ ತೆಂಗಿನೆಣ್ಣೆಯಲ್ಲಿ ಗರಿಗರಿಯಾಗಿ ಕರಿದು, ಮೇಲೆ ಜೋನಿಬೆಲ್ಲ ಸುರಿದೆವು. ನೀವೂ ಮಾಡಿ ನೋಡಿ, ಮಕ್ಕಳು ತಟ್ಟೆ ನೆಕ್ಕುತ್ತಾರೆ. ಅಮ್ಮ ಒಂದು ತುಂಡು ಬಾಯಿಗಿಟ್ಟು, "ಗುಳ್ಳಕ್ಕೆ ಬೆಲ್ಲ ಎಂತಕ್ಕೆ?" ಎಂದವರು ಇನ್ನೆರಡು ತುಂಡು ತೆಗೆದುಕೊಂಡರು.

ಪಕ್ಕದಲ್ಲಿ ಕುಳಿತು ಕೇಳಿದೆ: "ಅಮ್ಮ, ನಾನು ಸಂತೆಯಲ್ಲಿ ನಿಮ್ಮನ್ನು ನೋಡಿಯೂ ನೋಡದ ಹಾಗೆ ಹೋಗ್ತಿದ್ದದ್ದು ನಿಮಗೆ ಗೊತ್ತಿತ್ತಾ?"

ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಬಸ್ಳಿ ಕಟ್ಟಿಗೆ ಎಷ್ಟ್ ಕೊಟ್ಟೆ?" ಎಂದರು.

"ಮೂವತ್ತು."

"ಚರ್ಚೆ ಮಾಡಿದ್ಯಾ?"

"ಇಲ್ಲ."

"ಒಳ್ಳೇದಾಯ್ತ್" ಎಂದು ನನ್ನ ಕೈಮೇಲೆ ಕೈ ಇಟ್ಟರು.

ಸೌತೆಬೀಜ ಮೊಳೆತು ಈಗ ಎರಡೆಲೆ ಬಿಟ್ಟಿದೆ. ಮುಂದಿನ ಶನಿವಾರ ಆ ಅಜ್ಜಿಗೆ ಫೋಟೋ ತೋರಿಸಬೇಕಂತೆ, ಮಗಳ ಅಪ್ಪಣೆಯಾಗಿದೆ. ಅಮ್ಮನೂ ಬರುತ್ತೇನೆಂದಿದ್ದಾರೆ. ಅಜ್ಜಿಯ ಪಕ್ಕದಲ್ಲಿ ಕೂರಲು ಒಂದು ಮಣೆ ತೆಗೆದುಕೊಂಡು ಹೋಗಬೇಕು.