ಸಮ್ಮೋಹನ ಚಿಕಿತ್ಸೆ ಅಂದ್ರೆ ವಶೀಕರಣವೇ?

ಹಿಪ್ನಾಟಿಸಂ ಅಂದ ಕೂಡಲೇ ನಮಗೆಲ್ಲ ಸಿನಿಮಾದ ಮಂತ್ರವಾದಿ ನೆನಪಾಗುತ್ತಾನೆ. 'ಮೈಮರೆಸಿ ಒಡವೆ ಬಿಚ್ಚಿಸಿಕೊಂಡ್ರೆ?' ಎಂಬ ಭಯ ಬೇರೆ. ಆದರೆ ಚಿಕಿತ್ಸೆಯ ಸಮ್ಮೋಹನದಲ್ಲಿ ನಿದ್ದೆ ಹೋಗುವುದಿಲ್ಲ. ಮಾತು ಕೇಳಿಸುತ್ತಿರುತ್ತದೆ, ಬೇಡವೆನಿಸಿದರೆ ಎದ್ದು ಬರಬಹುದು. ಧಾರಾವಾಹಿಯಲ್ಲಿ ಮುಳುಗಿದಾಗ ಒಲೆ ಮೇಲಿನ ಹಾಲು ಮರೆತುಹೋಗುತ್ತಲ್ಲ, ಹಾಗೆ ಗಮನ ಒಂದೇ ಕಡೆ ನಿಲ್ಲುತ್ತದೆ.

ಇದು ಬರೀ ನಟನೆಯೇ? ಕೆನಡಾದ ಮಾಂಟ್ರಿಯಲ್‌ನ ವಿಜ್ಞಾನಿಗಳು ಸಮ್ಮೋಹನದಲ್ಲಿದ್ದವರ ಕೈಯನ್ನು 47 ಡಿಗ್ರಿ ಬಿಸಿನೀರಿನಲ್ಲಿ ಇಡಿಸಿ ಮೆದುಳಿನ ಸ್ಕ್ಯಾನ್ ಮಾಡಿ, 1997ರಲ್ಲಿ ಪ್ರಕಟಿಸಿದರು. ಸಂಕಟ ಹೆಚ್ಚುತ್ತಿದೆ, ಕಡಿಮೆಯಾಗುತ್ತಿದೆ ಎಂದು ಸೂಚಿಸಿದಂತೆ, ಸಂಕಟಕ್ಕೆ ಸಂಬಂಧಿಸಿದ ಭಾಗದ ಚಟುವಟಿಕೆಯೂ ಬದಲಾಯಿತು. ನೋವು ಎಲ್ಲಿ, ಎಷ್ಟು ಎಂದು ಗುರುತಿಸುವ ಭಾಗದಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ನೀರಿನ ಬಿಸಿ ಅಷ್ಟೇ ಇತ್ತು, ಕಾಡುವುದು ಕಡಿಮೆಯಾಯಿತು!

ಆತಂಕ, ಬಹುಕಾಲದ ನೋವು ಇದ್ದವರಿಗೆ ಇತರ ಚಿಕಿತ್ಸೆಯ ಜೊತೆಗೆ ಇದು ನೆರವಾಗಬಹುದು. ಎಲ್ಲರಿಗೂ ಹಿಡಿಸದು. 'ಪೂರ್ವಜನ್ಮ ತೋರಿಸ್ತೇವೆ' ಅನ್ನುವವರಿಗೆ ಮಾತ್ರ ಸಂಘದ ಸಾಲ ತೆಗೆದು ಕೊಡಬೇಡಿ. ಸಮ್ಮೋಹನದಲ್ಲಿ ನಡೆಯದೇ ಇದ್ದದ್ದೂ ನೆನಪಾದಂತೆ ಅನ್ನಿಸಬಹುದು. ಮೊದಲು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಿರಿ. ಸರ್ಕಾರದ ಟೆಲಿ-ಮಾನಸ್ ಸಂಖ್ಯೆ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಾಗಿಲ್ಲ.