ಹಳದಿ ಕಾರ್ಡಿನ ಹಿಂದಿನ ಭಯ

ಕೆನ್ಯಾದಲ್ಲಿ ಸಿಂಹ ನೋಡಿಕೊಂಡು ನೈರೋಬಿಯಿಂದ ಮುಂಬೈಗೆ ಬಂದಿಳಿದವರು ಪಾಸ್‌ಪೋರ್ಟಿನ ಜೊತೆ ಒಂದು ಹಳದಿ ಕಾರ್ಡನ್ನೂ ತೋರಿಸಬೇಕು. ಹಳದಿ ಜ್ವರದ ಲಸಿಕೆ ಹಾಕಿಸಿಕೊಂಡದ್ದಕ್ಕೆ ಅದು ಸಾಕ್ಷಿ. ಅದಿಲ್ಲದಿದ್ದರೆ ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸುವ ಅಧಿಕಾರ ಆರೋಗ್ಯಾಧಿಕಾರಿಗಳಿಗಿದೆ. ಸೋಂಕಿನ ಸೊಳ್ಳೆ ಕಚ್ಚಿದ ಮೂರರಿಂದ ಆರು ದಿನಗಳಲ್ಲಿ ರೋಗ ಕಾಣಿಸಿಕೊಳ್ಳುವುದರಿಂದ ಈ ಲೆಕ್ಕ.

ಇಷ್ಟೊಂದು ಬಿಗಿ ಏಕೆ? ರೋಗ ಉಲ್ಬಣಿಸಿದರೆ ಯಕೃತ್ತು ಕೆಟ್ಟು ಮೈ, ಕಣ್ಣು ಹಳದಿಯಾಗುತ್ತವೆ; ರಕ್ತಸ್ರಾವವಾಗುತ್ತದೆ. ಇದಕ್ಕೆಂದೇ ಮದ್ದಿಲ್ಲ. ಇದನ್ನು ಹರಡುವ ಈಡಿಸ್ ಈಜಿಪ್ಟಿ ಸೊಳ್ಳೆಯೇ ಡೆಂಗೆಯನ್ನೂ ಹರಡುತ್ತದೆ. ಅಂದರೆ ಸೊಳ್ಳೆ ನಮ್ಮ ಬೀದಿಯಲ್ಲೇ ಇದೆ, ವೈರಸ್ ಮಾತ್ರ ಇಲ್ಲ. ಕಾರ್ಡು ಕಾಯುವುದು ಪ್ರಯಾಣಿಕರನ್ನಷ್ಟೇ ಅಲ್ಲ, ಅವರ ಅಕ್ಕಪಕ್ಕದ ಮನೆಯವರನ್ನೂ.

ಸೊಳ್ಳೆಯಿಂದ ಈ ರೋಗ ಬರುತ್ತದೆಂದು ಕ್ಯೂಬಾದ ವೈದ್ಯ ಕಾರ್ಲೋಸ್ ಫಿನ್ಲೇ 1881ರಲ್ಲೇ ಹೇಳಿದ್ದರು. ನಂಬಿದವರು ಕಡಿಮೆ. 1900ರಲ್ಲಿ ವಾಲ್ಟರ್ ರೀಡ್ ನೇತೃತ್ವದ ಅಮೆರಿಕದ ಸೇನಾ ವೈದ್ಯರು ಅಲ್ಲಿಯೇ ಪ್ರಯೋಗ ಮಾಡಿ ಅದನ್ನು ಖಚಿತಪಡಿಸಿದರು. ಆ ತಂಡದ ಜೆಸ್ಸಿ ಲಾಜಿಯರ್ ಅದೇ ರೋಗಕ್ಕೆ ಬಲಿಯಾದರು. 1937ರಲ್ಲಿ ಮ್ಯಾಕ್ಸ್ ಥೀಲರ್ ಮತ್ತು ಸಂಗಡಿಗರು ‘17ಡಿ’ ಲಸಿಕೆ ಸಿದ್ಧಪಡಿಸಿದರು. ಇಂದು ಕೊಡುವುದೂ ಅದರ ಸಂತತಿಯನ್ನೇ.

ಈ ಭಯ ಒಮ್ಮೆ ನಮ್ಮ ಮಲೆನಾಡಿಗೂ ಬಂದಿತ್ತು. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗರು ಜ್ವರದಿಂದ ಮಲಗಿದರು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮಂಗಗಳು ಹೀಗೆಯೇ ಸಾಯುತ್ತವೆ. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳು ಆ ಶಂಕೆಯಿಂದಲೇ ಧಾವಿಸಿದರು. ಸಿಕ್ಕಿದ್ದು ಉಣ್ಣೆಯಿಂದ ಹರಡುವ ಬೇರೊಂದು ವೈರಸ್, ಆದರೆ ಹಳದಿ ಜ್ವರದ ವೈರಸ್ಸಿನ ಕುಟುಂಬದ್ದೇ. ಅದೇ ಇಂದಿನ ಮಂಗನ ಕಾಯಿಲೆ.

ಆಫ್ರಿಕಾದ ಕೆನ್ಯಾ, ಉಗಾಂಡ, ನೈಜೀರಿಯ ಅಥವಾ ದಕ್ಷಿಣ ಅಮೆರಿಕದ ಬ್ರೆಜಿಲ್ ಕಡೆ ಹೊರಟವರು ಲಸಿಕೆಯನ್ನು ಕೊನೆಯ ದಿನಗಳಿಗೆ ಬಿಡಬಾರದು. ಚುಚ್ಚಿಸಿಕೊಂಡ ಹತ್ತು ದಿನಗಳ ನಂತರವಷ್ಟೇ ಕಾರ್ಡಿಗೆ ಬೆಲೆ. ಸರ್ಕಾರ ಗೊತ್ತುಮಾಡಿದ ಕೇಂದ್ರಗಳಲ್ಲಿ ಕೊಟ್ಟದ್ದನ್ನು ಮಾತ್ರ ಒಪ್ಪುತ್ತಾರೆ; ಊರಿನ ಡಾಕ್ಟರ ಚೀಟಿ ನಡೆಯದು. ಲಸಿಕೆಯನ್ನು ಕೋಳಿಮೊಟ್ಟೆಯ ಭ್ರೂಣದಲ್ಲಿ ಬೆಳೆಸುವುದರಿಂದ ಮೊಟ್ಟೆ ಒಗ್ಗದವರು ಮೊದಲೇ ಹೇಳಬೇಕು. ಗರ್ಭಿಣಿಯರು, ಅರವತ್ತು ದಾಟಿದವರು ವೈದ್ಯರೊಡನೆ ಚರ್ಚಿಸಿಯೇ ಮುಂದುವರಿಯಬೇಕು. ಹಿಂದೆ ಕಾರ್ಡಿನ ಅವಧಿ ಹತ್ತು ವರ್ಷವಿತ್ತು. 2016ರ ಜುಲೈನಿಂದ ಅದು ಜೀವನಪರ್ಯಂತ ಊರ್ಜಿತ. ಬೀರುವಿನಲ್ಲಿ ಹಳೆಯ ಕಾರ್ಡು ಇದ್ದರೆ ಎಸೆಯಬೇಡಿ.