ಭಾನುವಾರ ಮಾತ್ರ ಬೇಡ

ಹಳೆಯ ಸಹಪಾಠಿಗಳೆಲ್ಲ ಒಮ್ಮೆ ಸೇರೋಣ ಎಂದರೆ ನಾವು ಮೊದಲು ನೋಡುವುದು ಯಾವ ಭಾನುವಾರ ಬಿಡುವಿದೆ ಎಂದು. ನನ್ನ ಸ್ನೇಹಿತರೊಬ್ಬರು ನಿವೃತ್ತ ಸಭಾಪಾಲಕರು. ಆರು ತಿಂಗಳಿಂದ ತಮ್ಮ ಬ್ಯಾಚಿನವರನ್ನು ಒಟ್ಟುಗೂಡಿಸಲು ಒದ್ದಾಡುತ್ತಿದ್ದಾರೆ. ಕ್ಯಾಲೆಂಡರಿನಲ್ಲಿ ಅವರು ಮೊದಲು ಹೊಡೆದುಹಾಕಿದ್ದೇ ಭಾನುವಾರಗಳನ್ನು. ನಿವೃತ್ತರಾಗದ ಗೆಳೆಯರೆಲ್ಲ ಅವತ್ತು ಆರಾಧನೆ ನಡೆಸಬೇಕಲ್ಲ!

ಅವರು ಓದಿದ್ದು ಬೆನ್ಸನ್ ಟೌನಿನ ಮಿಲ್ಲರ್ಸ್ ರಸ್ತೆಯಲ್ಲಿರುವ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನಲ್ಲಿ. ಬಲ್ಲವರ ಬಾಯಲ್ಲಿ ಅದು ಯುಟಿಸಿ. ಕಂಟೋನ್ಮೆಂಟ್ ಸ್ಟೇಷನ್ನಿಗೆ ಹತ್ತಿರ. ಆ ದಾರಿಯಲ್ಲಿ ದಿನವೂ ಓಡಾಡುವವರಿಗೂ ಒಳಗೆ ಏನು ಕಲಿಸುತ್ತಾರೆಂದು ತಿಳಿದಿರುವುದು ಕಡಿಮೆ. ಬೈಬಲ್ಲಿನ ಜೊತೆಗೆ ಅದರ ಮೂಲಭಾಷೆಗಳಾದ ಹೀಬ್ರೂ, ಗ್ರೀಕ್, ಚರ್ಚಿನ ಇತಿಹಾಸ, ಬೇರೆ ಧರ್ಮಗಳ ಅಧ್ಯಯನ ಎಲ್ಲವೂ ಪಾಠದಲ್ಲಿವೆ. ಪದವಿ ಬರುವುದು ಬಂಗಾಳದ ಸೆರಾಂಪುರದಿಂದ. 1817ರಲ್ಲೇ ಕನ್ನಡ ವ್ಯಾಕರಣ ಅಚ್ಚು ಹಾಕಿಸಿದ ವಿಲಿಯಂ ಕೇರಿಯ ಊರು ಅದು.

ಕಾಲೇಜು ಶುರುವಾದದ್ದು 1910ರಲ್ಲಿ. ಲಂಡನ್ ಮಿಷನ್, ವೆಸ್ಲಿಯನ್ ಮಿಷನ್, ಅಮೆರಿಕದ ಆರ್ಕಾಟ್ ಮಿಷನ್ ಮೊದಲಾದವು ತಂತಮ್ಮ ಬೇಲಿ ದಾಟಿ ಕೂಡಿ ಕಟ್ಟಿದವು. ದಕ್ಷಿಣ ಭಾರತ ಸಭೆ, ಅಂದರೆ ಸಿಎಸ್‌ಐ, ಹುಟ್ಟಿದ್ದು 1947ರ ಸೆಪ್ಟೆಂಬರ್ 27ರಂದು. ಚರ್ಚುಗಳು ಒಂದಾಗುವುದಕ್ಕೆ 37 ವರ್ಷ ಮೊದಲೇ ಇಲ್ಲಿ ಹುಡುಗರು ಒಂದೇ ಬೆಂಚಿನಲ್ಲಿ ಕೂತಿದ್ದರು. ಆರಂಭದ ದಶಕಗಳಲ್ಲಿ ಪ್ರಾಂಶುಪಾಲರಾಗಿದ್ದ ಎಲ್. ಪಿ. ಲಾರ್ಸೆನ್ ಡೆನ್ಮಾರ್ಕಿನವರು. ಆ ಕುರ್ಚಿಗೆ ಮೊದಲ ಭಾರತೀಯರಾಗಿ 1954ರಲ್ಲಿ ಬಂದ ಜೆ. ರಸೆಲ್ ಚಂದ್ರನ್ ಸುಮಾರು ಮೂರು ದಶಕ ಅಲ್ಲಿದ್ದರು.   

ಹಲವು ಸಭೆ, ಹಲವು ಭಾಷೆಗಳವರು ಕೂಡಿದ್ದೇ ಈ ಕಾಲೇಜಿನ ಹೆಚ್ಚುಗಾರಿಕೆ. ನನ್ನ ಸ್ನೇಹಿತರಿಗೆ ಈಗ ಅದೇ ತಲೆನೋವು. ಇಲ್ಲಿ ಅಯ್ಯನವರು, ಆಂಧ್ರದಲ್ಲಿ ಅಯ್ಯಗಾರು, ಕೇರಳದಲ್ಲಿ ಅಚ್ಚನ್ ಆದವರಿಗೆಲ್ಲ ಒಪ್ಪುವ ದಿನ ಎಲ್ಲಿ ಸಿಗಬೇಕು? ಡಿಸೆಂಬರ್ ಕ್ರಿಸ್‌ಮಸ್ಸಿನದು. ಫೆಬ್ರುವರಿಯಲ್ಲಿ ಪಂಪಾ ನದಿಯ ಮರಳಿನ ಮೇಲೆ ಮಾರಾಮಣ್ ಸಮಾವೇಶ, ಮಾರ್ ತೋಮಾ ಸಭೆಯ ಅಚ್ಚನ್‌ಗಳು ಕದಲುವುದಿಲ್ಲ. ಆಮೇಲೆ ಈಸ್ಟರ್‌ವರೆಗೆ ನಲವತ್ತು ದಿನದ ಉಪವಾಸ ಕಾಲ. ಅದು ಮುಗಿಯಿತೆನ್ನುವಷ್ಟರಲ್ಲಿ ವರ್ಗಾವಣೆಯ ಗಡಿಬಿಡಿ. ಹಳೇ ವಿಳಾಸ ಇಟ್ಟುಕೊಂಡು ಪಾದ್ರಿಯನ್ನು ಹುಡುಕಿದಂತೆ ಎಂಬ ಗಾದೆ ಇಲ್ಲ, ಇರಬೇಕಿತ್ತು. ಮಿಜೋರಾಮಿನ ಸಹಪಾಠಿಗೆ ಬರೆದ ಕಾಗದ ಎರಡು ಸಲ ಹಿಂದಿರುಗಿತು. ಕೊನೆಗೆ ಇಲ್ಲಿ ಓದುತ್ತಿರುವ ಅವರ ಊರಿನ ಹುಡುಗನೊಬ್ಬ ಫೋನ್ ನಂಬರ್ ತರಿಸಿಕೊಟ್ಟ.

ಊಟದ ವಿಷಯದಲ್ಲಿ ಮಾತ್ರ ತಕರಾರಿಲ್ಲ. ಶಿವಾಜಿನಗರದ ಬಿರಿಯಾನಿ ಎಂದು ಎಲ್ಲರೂ ಒಂದೇ ದನಿಯಲ್ಲಿ ಹೇಳಿದ್ದಾರೆ. ಸಭೆಗಳ ಐಕ್ಯ ಇಷ್ಟು ಸಲೀಸಾಗಿ ಆಗಲಿಲ್ಲ ಎಂದು ಸ್ನೇಹಿತರು ನಗುತ್ತಾರೆ. ಉಳಿಯಲು ಕಾಲೇಜಿನ ಅತಿಥಿಗೃಹ ಕೇಳಬೇಕು, ಹಳೆಯ ಗ್ರೂಪ್ ಫೋಟೊದಲ್ಲಿ ಇರುವವರಲ್ಲಿ ತೀರಿಕೊಂಡವರ ಹೆಸರು ಓದಿ ಒಂದು ಗೀತೆ ಹಾಡಬೇಕು. ಇಷ್ಟೇ ಕಾರ್ಯಕ್ರಮ. ಭಾಷಣ ಇಲ್ಲ, ಎಲ್ಲರೂ ಬದುಕಿಡೀ ಅದನ್ನೇ ಮಾಡಿದವರು.

ತಿಂಗಳು ಇನ್ನೂ ಗೊತ್ತಾಗಿಲ್ಲ. ವಾರ ಮಾತ್ರ ನಿಕ್ಕಿಯಾಗಿದೆ: ಸೋಮವಾರ.